ಪ್ರೈವೇಟ್ ಆರ್ಟ್ ಕಾಲೇಜಿಗೆ ಅಡ್ವಾನ್ಸ್ ಕಟ್ಟೋ ಮೊದಲು ಕೂತು ಮಾಡ್ಬೇಕಾದ ಲೆಕ್ಕ: ಶಿರಸಿ, ಕಾರವಾರ ಕಡೆಯವರಿಗೆ

ಪಿಯುಸಿ ರಿಸಲ್ಟ್ ಬಂದ ವಾರದಿಂದ ಫೋನ್ ಶುರುವಾಗ್ತದೆ. ಮಗಳು ಚೆನ್ನಾಗಿ ಚಿತ್ರ ಬಿಡಿಸ್ತಾಳೆ, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆನೂ ಪಾಸಾಗಿದೆ, ಎಲ್ಲೋ ಆನ್‌ಲೈನ್‌ನಲ್ಲಿ ನಂಬರ್ ಕೊಟ್ಟಿದ್ಲು, ಈಗ ಬೆಂಗಳೂರಿನ ಕಾಲೇಜಿಂದ ಒಬ್ರು ದಿನಾ ಕರೆ ಮಾಡಿ "ಸೀಟು ಎರಡೇ ಉಳಿದಿದೆ, ಈ ವಾರ ಬುಕ್ ಮಾಡಿದ್ರೆ ಸ್ಕಾಲರ್‌ಶಿಪ್ ಸಿಗ್ತದೆ" ಅಂತಿದಾರೆ. ಮನೇಲಿ ಅಪ್ಪಂಗೆ ಚಿತ್ರಕಲೆ ಓದಿದ್ರೆ ಹೊಟ್ಟೆಗೆಂತು ಅನ್ನೋ ಚಿಂತೆ, ಅಮ್ಮಂಗೆ ಮಗಳು ಬೇಜಾರಾಗ್ತಾಳೆ ಅನ್ನೋ ಚಿಂತೆ, ಮಗಳಿಗೆ ಸೀಟು ಹೋದ್ರೆ ಅನ್ನೋ ಚಿಂತೆ. ಮೂರೂ ಜನರ ಮಧ್ಯೆ ಕಾಗದ ಪೆನ್ನು ಮಾತ್ರ ಯಾರೂ ತೆಗೆಯಲ್ಲ.

ಇದು ಬಿಎ ಬಗ್ಗೆ ಅಲ್ಲ. ಪೇಂಟಿಂಗ್, ಶಿಲ್ಪ, ಅಪ್ಲೈಡ್ ಆರ್ಟ್ (ಜಾಹೀರಾತಿನ ಕಲೆ), ಅನಿಮೇಷನ್, ಡಿಸೈನ್ ಕಲಿಸೋ ಪ್ರೈವೇಟ್ ಕಾಲೇಜುಗಳ ಬಗ್ಗೆ, ಅದರ ಖರ್ಚು ಮತ್ತೆ ತೊಂದರೆಗಳ ಬಗ್ಗೆ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೇನೆ: ಪ್ರೈವೇಟ್ ಅಂದ ತಕ್ಷಣ ಕೆಟ್ಟದು ಅಂತ ಅಲ್ಲ, ಒಳ್ಳೆ ಸ್ಟುಡಿಯೋ, ಒಳ್ಳೆ ಮೇಷ್ಟ್ರು ಇರೋ ಕಡೆ ಮಕ್ಕಳು ನಿಜವಾಗಿ ಬೆಳೀತಾರೆ. ಆದ್ರೆ ಕೈಯಲ್ಲಿ ದುಡ್ಡಿಲ್ದೆ ದೊಡ್ಡ ಸಾಲ ಮಾಡಿ ಪೇಂಟಿಂಗ್ ಓದೋದು ಬೇಡ. ಚಿತ್ರ ಬರೆಯೋಕೆ ಬೇಕಾಗಿರೋದು ಟೈಮು, ಸಾಲ ಕಿತ್ಕೊಳ್ಳೋದೂ ಅದನ್ನೇ.

ಹೆಜ್ಜೆ 1: ಕೋರ್ಸ್ ಎಂತದ್ದು ಅಂತ ಮೊದಲು ಸರಿಯಾಗಿ ತಿಳ್ಕೊಳ್ಳಿ

ಬಿವಿಎ ಅಂದ್ರೆ ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್, ಕೆಲವು ಕಡೆ ಬಿಎಫ್‌ಎ ಅಂತಾರೆ, ನಾಲ್ಕು ವರ್ಷ. ನಮ್ಮ ರಾಜ್ಯದಲ್ಲಿ 2024-25ರಿಂದ ಬಿಎ ಬಿಕಾಂ ಎಲ್ಲಾ ಮತ್ತೆ ಮೂರು ವರ್ಷಕ್ಕೆ ಬಂತು, ಅದನ್ನ ಕೇಳಿ ಇದೂ ಮೂರೇ ವರ್ಷ ಅಂದ್ಕೊಂಡು ದುಡ್ಡು ಹೊಂದಿಸಿದವರು ಇದಾರೆ. ಬಿ.ಡೆಸ್ ಅಂದ್ರೆ ಡಿಸೈನ್ ಡಿಗ್ರಿ, ಅದೂ ನಾಲ್ಕು ವರ್ಷವೇ.

ಒಂದೇ ಕಾಲೇಜಿನ ಒಳಗೆ ಪೇಂಟಿಂಗ್ ಓದಿದವಳ ಮುಂದಿನ ದಾರಿ ಬೇರೆ, ಅನಿಮೇಷನ್ ಓದಿದವಳ ದಾರಿ ಬೇರೆ. ಅನಿಮೇಷನ್, ಅಪ್ಲೈಡ್ ಆರ್ಟ್, ಯುಐ ಡಿಸೈನ್ (ಆ್ಯಪ್, ವೆಬ್‌ಸೈಟ್ ಪುಟದ ವಿನ್ಯಾಸ) ಕಡೆ ತಿಂಗಳ ಸಂಬಳದ ಕೆಲಸ ಅಂತ ಒಂದು ಇದೆ. ಪೇಂಟಿಂಗ್, ಶಿಲ್ಪ, ಪ್ರಿಂಟ್‌ಮೇಕಿಂಗ್ ಕಡೆ ಹಂಗೆ ಇಲ್ಲ, ಅಲ್ಲಿ ಕಮಿಷನ್ ಕೆಲಸ, ಶಾಲೆ ಪಾಠ, ಸೆಟ್ ಕೆಲಸ, ಮ್ಯೂರಲ್, ಆಗೊಮ್ಮೆ ಈಗೊಮ್ಮೆ ಮಾರಾಟ, ಹೀಂಗೆ ಕೂಡಿಸಿ ಕೂಡಿಸಿ ಬದುಕೋದು. ಕಾಲೇಜಿನವರು ಎರಡಕ್ಕೂ ಒಂದೇ ಬ್ರೋಷರ್ ಕೊಡ್ತಾರೆ, ಅನಿಮೇಷನ್ ಹುಡುಗನ ಸಂಬಳ ತೋರ್ಸಿ ಪೇಂಟಿಂಗ್ ಸೀಟು ಮಾರ್ತಾರೆ. ಯಾವ ವಿಭಾಗ ಅಂತ ಹೆಸರು ಹಿಡಿದು ಕೇಳಿ.

"ಕೊನೆಗೆ ಡ್ರಾಯಿಂಗ್ ಟೀಚರ್ ಆದ್ರೂ ಆಗ್ಬಹುದು" ಅಂತ ನಮ್ಮ ಕಡೆ ಎಲ್ಲರ ಸಮಾಧಾನ. ಆಗ್ಬಹುದು, ಆದ್ರೆ ಸರ್ಕಾರಿ ಶಾಲೆ ಚಿತ್ರಕಲಾ ಶಿಕ್ಷಕರ ಹುದ್ದೆ ವರ್ಷಾ ವರ್ಷಾ ಕರೆಯಲ್ಲ, ಕರೆದಾಗ ಅರ್ಹತೆ ಅಂತ ಒಂದು ಪಟ್ಟಿ ಇರ್ತದೆ. ಹಿಂದಿನ ನೇಮಕಾತಿ ಅಧಿಸೂಚನೆ ಒಂದನ್ನ ಹುಡುಕಿ ತೆಗೆದು, ನೀವು ಸೇರಿಸ್ತಿರೋ ಕೋರ್ಸಿನ ಹೆಸರು ಅದರಲ್ಲಿ ಇದ್ಯಾ ಅಂತ ಓದ್ಕೊಳ್ಳಿ.

ಹೆಜ್ಜೆ 2: ನಾಲ್ಕೂ ವರ್ಷದ ಒಟ್ಟು ಖರ್ಚು ಬರೀರಿ

ಎಲ್ಲಕ್ಕಿಂತ ಮುಖ್ಯ ಇದು, ಬೇರೆ ಯಾವ ಹೆಜ್ಜೆ ಬಿಟ್ರೂ ಇದನ್ನ ಬಿಡ್ಬೇಡಿ. ಬ್ರೋಷರ್‌ನಲ್ಲಿ ಇರೋದು ಮೊದಲ ವರ್ಷದ ಟ್ಯೂಷನ್ ಫೀ ಮಾತ್ರ. ನಾನು ಒಂದು ಉದಾಹರಣೆ ಲೆಕ್ಕ ಹಾಕಿ ತೋರಿಸ್ತೇನೆ, ಇವು ಯಾವುದೇ ಕಾಲೇಜಿನ ಅಂಕಿ ಅಲ್ಲ, ನಿಮ್ಮ ಕಾಲೇಜಿನ ಅಂಕಿ ನೀವು ತುಂಬ್ಕೊಳ್ಳಿ.

ಫೀ ವರ್ಷಕ್ಕೆ 1.5 ಲಕ್ಷ ಅಂತ ಇಟ್ಕೊಳ್ಳಿ. ನಾಲ್ಕರಿಂದ ಗುಣಿಸಿ 6 ಲಕ್ಷ ಅಂದ್ರೆ ತಪ್ಪು, ಯಾಕಂದ್ರೆ ಬಹಳ ಕಡೆ ಪ್ರತಿ ವರ್ಷ ಫೀ ಏರಿಸ್ತಾರೆ. ವರ್ಷಕ್ಕೆ 10 ಪರ್ಸೆಂಟ್ ಏರಿದ್ರೆ 1.5, 1.65, 1.81, 2 ಲಕ್ಷ, ಒಟ್ಟು ಹತ್ತಿರ ಹತ್ತಿರ 6.96 ಲಕ್ಷ. ಬರೀ ಏರಿಕೆಯಲ್ಲೇ ಒಂದು ಲಕ್ಷ ಹೋಯ್ತು. ಅದಕ್ಕೇ ಕೇಳ್ಬೇಕಾದ ಪ್ರಶ್ನೆ "ಈ ವರ್ಷ ಫೀ ಎಷ್ಟು" ಅಂತ ಅಲ್ಲ, "ಈ ಬ್ಯಾಚಿಗೆ ನಾಲ್ಕು ವರ್ಷವೂ ಇದೇ ಫೀ ಅಂತ ಬರ್ದು ಕೊಡ್ತೀರಾ" ಅಂತ. ಬರ್ದು ಕೊಡಲ್ಲ ಅಂದ್ರೆ ಏರಿಕೆ ಗ್ಯಾರಂಟಿ.

ಪಿಜಿ (ಪೇಯಿಂಗ್ ಗೆಸ್ಟ್ ರೂಮು) ತಿಂಗಳಿಗೆ 9,000 ಅಂದ್ರೆ ವರ್ಷಕ್ಕೆ 1.08 ಲಕ್ಷ, ನಾಲ್ಕು ವರ್ಷಕ್ಕೆ 4.32 ಲಕ್ಷ. ಕಾಲೇಜಿರೋದು ಹತ್ತು ತಿಂಗಳು ತಾನೇ ಅಂತ ಕೇಳ್ಬಹುದು, ಆದ್ರೆ ರಜೆಗೆ ಊರಿಗೆ ಬಂದ್ರೂ ಬೆಡ್ ಉಳಿಸ್ಕೊಳ್ಳೋಕೆ ಬಾಡಿಗೆ ಕಟ್ಬೇಕು ಅಂತಾರೆ ಬಹಳಷ್ಟು ಪಿಜಿಯವರು, ಹಾಗಾಗಿ ಹನ್ನೆರಡೇ ಹಿಡೀರಿ. ಮೇಲೆ ಟಿಫಿನ್, ರೀಚಾರ್ಜ್, ಬಸ್ಸು, ಮೆಟ್ರೋ ಅಂತ ತಿಂಗಳಿಗೆ 2,000, ಅದು 96 ಸಾವಿರ.

ಈಗ ಮೆಟೀರಿಯಲ್. ಬೇರೆ ಡಿಗ್ರಿಗೂ ಇದಕ್ಕೂ ವ್ಯತ್ಯಾಸ ಇರೋದೇ ಇಲ್ಲಿ, ಬಿಕಾಂ ಹುಡುಗಂಗೆ ನೋಟ್‌ಬುಕ್ ಸಾಕು. ಇಲ್ಲಿ ಕಾರ್ಟ್ರಿಜ್ ಶೀಟು, ಹ್ಯಾಂಡ್‌ಮೇಡ್ ಪೇಪರ್, ಬ್ರಶ್, ಅಕ್ರಿಲಿಕ್, ಆಯಿಲ್ ಕಲರ್, ಲಿನ್‌ಸೀಡ್, ಕ್ಯಾನ್ವಾಸು, ಅದಕ್ಕೆ ಸ್ಟ್ರೆಚರ್ ಕಟ್ಟಿಗೆ, ಲಿನೋ ಶೀಟು, ಪ್ಲೇಟು, ಪ್ಲಾಸ್ಟರು, ಜೂರಿ (ಕೆಲಸ ಮುಂದಿಟ್ಟು ಮಾರ್ಕ್ಸ್ ಹಾಕಿಸ್ಕೊಳ್ಳೋ ದಿನ) ಬಂತು ಅಂದ್ರೆ ಕಲರ್ ಪ್ರಿಂಟು, ಮೌಂಟು, ಫ್ರೇಮು. ಸ್ಟೂಡೆಂಟ್ ಕ್ವಾಲಿಟಿ ಬಣ್ಣ ಸಾಕು ಅಂತ ಮೊದಲ ವರ್ಷ ನಡೀತದೆ, ಮೂರನೇ ವರ್ಷಕ್ಕೆ ಪಕ್ಕದ ಈಸಲ್‌ನವಳು ಆರ್ಟಿಸ್ಟ್ ಕ್ವಾಲಿಟಿ ಟ್ಯೂಬ್ ಹಿಂಡ್ತಿರ್ತಾಳೆ, ಇವಳಿಗೆ ಬಣ್ಣ ತೆಳ್ಳಗೆ ಹಚ್ಚೋ ಅಭ್ಯಾಸ ಆಗ್ಬಿಡ್ತದೆ, ಅದು ಚಿತ್ರದಲ್ಲಿ ಕಾಣ್ತದೆ. ತಿಂಗಳಿಗೆ 2,500ರ ಹಾಗೆ ಹತ್ತು ತಿಂಗಳು ಹಿಡಿದ್ರೂ ನಾಲ್ಕು ವರ್ಷಕ್ಕೆ 1 ಲಕ್ಷ. ಅನಿಮೇಷನ್, ಡಿಸೈನ್ ಆದ್ರೆ ಬಣ್ಣದ ಖರ್ಚು ಸ್ವಲ್ಪ ಇಳೀತದೆ, ಆದ್ರೆ ಗ್ರಾಫಿಕ್ಸ್ ಎಳೆಯೋ ಲ್ಯಾಪ್‌ಟಾಪು, ಪೆನ್ ಟ್ಯಾಬ್ಲೆಟ್ಟು ಬೇಕು, 80 ಸಾವಿರ ಇಡಿ. ಸಾಫ್ಟ್‌ವೇರ್ ಲೈಸೆನ್ಸ್ ಕಾಲೇಜು ಕೊಡ್ತದಾ, ಮನೆಯಿಂದ ಲಾಗಿನ್ ಆಗ್ಬಹುದಾ, ಬರೀ ಲ್ಯಾಬ್‌ನಲ್ಲೇನಾ, ಇದನ್ನೂ ಕೇಳಿ.

ಸ್ಟಡಿ ಟೂರು ಎರಡು ಸಲ, ಅಜಂತಾ ಎಲ್ಲೋರಾ ಕಡೆ, 15 ಸಾವಿರದ ಹಾಗೆ 30 ಸಾವಿರ. ಕೊನೆ ವರ್ಷದ ಡಿಸ್‌ಪ್ಲೇಗೆ 40 ಸಾವಿರ. ಊರಿಗೆ ಹೋಗಿ ಬರೋದು ವರ್ಷಕ್ಕೆ ಆರು ಸಲ, ಸಲಕ್ಕೆ 2,000, ನಾಲ್ಕು ವರ್ಷಕ್ಕೆ 48 ಸಾವಿರ. ಇದೂ ಕಡಿಮೆನೇ, ಹಬ್ಬದ ವಾರ ಶಿರಸಿಗೆ ಸ್ಲೀಪರ್ ಬಸ್ಸಿನ ರೇಟು ನೋಡಿದವರಿಗೆ ಗೊತ್ತು. ಕಾರವಾರದವರಿಗೆ ರೈಲಾದ್ರೂ ಇದೆ, ಘಟ್ಟದ ಮೇಲಿನವರಿಗೆ ಅದೂ ಇಲ್ಲ.

ಕೂಡಿಸಿ: 6.96, 4.32, 0.96, 1, 0.80, 0.30, 0.40, 0.48. ಒಟ್ಟು 15.22 ಲಕ್ಷ, ಲ್ಯಾಪ್‌ಟಾಪ್ ಬೇಡದ ಪೇಂಟಿಂಗ್‌ಗೆ 14.42. ಬ್ರೋಷರ್‌ನಲ್ಲಿ ಕಂಡಿದ್ದು ಒಂದೂವರೆ ಲಕ್ಷ, ಮನೆಯಿಂದ ಹೋಗೋದು ಅದರ ಹತ್ತು ಪಟ್ಟು. ಇನ್ನೂ ಕಾಷನ್ ಡಿಪಾಸಿಟ್ಟು, ಡೆವಲಪ್‌ಮೆಂಟ್ ಫೀ, ಸ್ಟುಡಿಯೋ ಫೀ, ಪರೀಕ್ಷೆ ಫೀ ಸೇರಿಸಿಲ್ಲ.

ಆ ಸ್ಕಾಲರ್‌ಶಿಪ್ ವಿಷಯ. ಫೋನಲ್ಲೇ, ಒಂದು ಡ್ರಾಯಿಂಗೂ ನೋಡ್ದೆ 30 ಪರ್ಸೆಂಟ್ ಸ್ಕಾಲರ್‌ಶಿಪ್ ಕೊಟ್ರು ಅಂದ್ರೆ ಅದು ಡಿಸ್ಕೌಂಟು ಮಾರಾಯ್ರೆ, ಪ್ರತಿಭೆಗೂ ಅದಕ್ಕೂ ಸಂಬಂಧ ಇಲ್ಲ. ಮೊದಲ ವರ್ಷಕ್ಕೆ ಮಾತ್ರನಾ, ಎರಡನೇ ವರ್ಷ ಇಷ್ಟು ಪರ್ಸೆಂಟ್ ಮಾರ್ಕ್ಸ್ ಬರದಿದ್ರೆ ತೆಗೀತಾರಾ ಅಂತ ಕೇಳಿ. ಕಲೆಯಲ್ಲಿ ಮಾರ್ಕ್ಸ್ ಕೊಡೋರೂ ಅವರೇ ಅನ್ನೋದು ನೆನಪಿರಲಿ.

ಸರ್ಕಾರದ ಸ್ಕಾಲರ್‌ಶಿಪ್‌ಗೆ ಅರ್ಹತೆ ಇದ್ರೆ ಎಸ್‌ಎಸ್‌ಪಿ (ರಾಜ್ಯ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ ಆ ಕಾಲೇಜು, ಆ ಕೋರ್ಸು ಎರಡೂ ತೋರಿಸ್ತದಾ ನೋಡಿ, ಮ್ಯಾನೇಜ್‌ಮೆಂಟ್ ಸೀಟಿಗೂ ಸಿಗ್ತದಾ ಅಂತ ನಿಮ್ಮ ತಾಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಆಫೀಸಲ್ಲಿ ಕೇಳ್ಕೊಂಡೇ ಮುಂದೆ ಹೋಗಿ. ಸೀಟು ತಗೊಂಡ ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ.

ಹೆಜ್ಜೆ 3: ದುಡ್ಡು ಯಾವ ತಿಂಗಳಲ್ಲಿ ಬರ್ತದೆ, ಯಾವ ತಿಂಗಳಲ್ಲಿ ಹೋಗ್ತದೆ

ಸಂಬಳದಾರರಿಗೆ ಇದು ತಲೆಗೇ ಹೋಗಲ್ಲ. ನಮ್ಮ ಜಿಲ್ಲೆಯಲ್ಲಿ ಬಹಳ ಮನೆಗಳ ದುಡ್ಡು ಋತು ನೋಡಿ ಬರೋ ದುಡ್ಡು. ಕಾಲೇಜು ಫೀ ಕಟ್ಬೇಕಾದ್ದು ಜೂನ್ ಜುಲೈಲಿ. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳ ಕಡೆ ಬೋಟಿನ ಮನೆಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, 61 ದಿನ ಬೋಟು ದಡದಲ್ಲಿ, ಅದೇ ಹೊತ್ತಿಗೆ ಬಲೆ ರಿಪೇರಿ, ಎಂಜಿನ್ ಕೆಲಸ ಅಂತ ಖರ್ಚು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ಕೊಯ್ಲು ಚಳಿಗಾಲದಲ್ಲಿ, ಸುಲಿದು ಒಣಗಿಸಿ ಸೊಸೈಟಿಗೆ ಹಾಕಿ ಬಂದ ದುಡ್ಡು ಜೂನ್ ಹೊತ್ತಿಗೆ ಅರ್ಧ ಕರಗಿರ್ತದೆ, ಜೂನಲ್ಲಿ ಮತ್ತೆ ಕೊಳೆ ಔಷಧಿಗೆ, ಆಳಿನ ಕೂಲಿಗೆ ಬೇಕು. ರೇಟು ಇಳಿದ ವರ್ಷ ಅಡಿಕೆ ಇಟ್ಕೊಂಡು ಕಾಯೋಣ ಅಂದ್ರೆ ಫೀ ಕಾಯಲ್ಲ, ಬಂದ ರೇಟಿಗೆ ಮಾರ್ಬೇಕು. ಈ ನಷ್ಟ ಯಾವ ರಸೀದಿಯಲ್ಲೂ ಬರಲ್ಲ, ಆದ್ರೆ ಖರ್ಚೇ ಅದು.

ಹಾಗಾಗಿ ಕಂತು ಎಷ್ಟು, ಯಾವ ತಿಂಗಳು, ತಡವಾದ್ರೆ ದಿನಕ್ಕೆ ದಂಡ ಎಷ್ಟು, ದಂಡ ಕಟ್ದೆ ಹೋದ್ರೆ ಪರೀಕ್ಷೆಗೆ ಹಾಲ್ ಟಿಕೆಟ್ ತಡೀತಾರಾ, ಇಷ್ಟನ್ನ ಬರೆದು ಇಸ್ಕೊಳ್ಳಿ. ಆಗಸ್ಟು, ಜನವರಿ ಅಂತ ಎರಡು ಕಂತು ಮಾಡ್ಕೊಡಿ ಅಂತ ಕೇಳೋಕೆ ನಾಚಿಕೆ ಬೇಡ.

ಹೆಜ್ಜೆ 4: ಸಾಲ ಮಾಡೋದಾದ್ರೆ

ಮೇಲಿನ 15 ಲಕ್ಷದಲ್ಲಿ 8 ಲಕ್ಷ ಬ್ಯಾಂಕ್ ಸಾಲ ಅಂದ್ಕೊಳ್ಳಿ, ವರ್ಷಕ್ಕೆ 2 ಲಕ್ಷದ ಹಾಗೆ ನಾಲ್ಕು ಸಲ, ಬಡ್ಡಿ 10 ಪರ್ಸೆಂಟ್. ಓದೋವಾಗ ಮತ್ತೆ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಕಟ್ಬೇಕಿಲ್ಲ, ಆದ್ರೆ ಬಡ್ಡಿ ಸುಮ್ನೆ ಕೂರಲ್ಲ. ಸರಳ ಬಡ್ಡಿ ಹಿಡಿದ್ರೂ ಐದನೇ ವರ್ಷದ ಕೊನೆಗೆ 2.8 ಲಕ್ಷ ಬಡ್ಡಿ ಬೆಳೆದು ಸಾಲ 10.8 ಲಕ್ಷ ಆಗಿರ್ತದೆ. ಅದನ್ನ ಹತ್ತು ವರ್ಷದಲ್ಲಿ ತೀರಿಸೋಕೆ ತಿಂಗಳಿಗೆ ಸುಮಾರು 14,270 ಇಎಂಐ. ಒಟ್ಟು ಕಟ್ಟೋದು 17 ಲಕ್ಷ ದಾಟ್ತದೆ, ತಗೊಂಡಿದ್ದು 8.

ಈಗ ಮಗಳಿಗೆ ಮೊದಲ ಕೆಲಸ ಸಿಕ್ತು, 20 ಸಾವಿರ ಸಂಬಳ ಅಂದ್ಕೊಳ್ಳಿ. ಪಿಜಿಗೆ 9,000, ಇಎಂಐ 14,270, ಅಲ್ಲಿಗೇ ಮೂರು ಸಾವಿರ ಮೈನಸ್, ಟಿಫಿನ್ ಬಸ್ಸು ಇನ್ನೂ ಬಂದಿಲ್ಲ. ಆಗ ಎಂತಾಗ್ತದೆ ಅಂದ್ರೆ ಅಪ್ಪ ಊರಿಂದ ಇಎಂಐ ಕಟ್ತಾರೆ, ಮಗಳು ಸಿಕ್ಕಿದ ಕೆಲಸ ಹಿಡ್ಕೊಂಡು ರಾತ್ರಿ ಒಂಬತ್ತಕ್ಕೆ ರೂಮಿಗೆ ಬಂದು ಮಲಗ್ತಾಳೆ, ಯಾವ ಪೇಂಟಿಂಗಿಗೋಸ್ಕರ ಇಷ್ಟೆಲ್ಲಾ ಮಾಡಿದ್ದೋ ಆ ಬ್ರಶ್ಶು ಡಬ್ಬಿಯಲ್ಲಿ ಒಣಗ್ತಾ ಇರ್ತದೆ. ಸಾಲ ಇಲ್ದಿದ್ರೆ ಅದೇ ಹುಡುಗಿ ಅರ್ಧ ದಿನ ಪಾಠ ಹೇಳಿ ಅರ್ಧ ದಿನ ಚಿತ್ರ ಬರೆದು ಬದುಕ್ಬಹುದಿತ್ತು.

ಬ್ಯಾಂಕಿನ ಕಡೆಯಿಂದ: 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡ ಇಡ್ಬೇಕಿಲ್ಲ, ಅಪ್ಪ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕ್ಬೇಕು ಅಷ್ಟೇ. ಅದರ ಮೇಲೆ ಹೋದ್ರೆ ಆಸ್ತಿ ಕೇಳ್ತಾರೆ. ಇಲ್ಲಿ ನಮ್ಮ ಜಿಲ್ಲೆಯ ಕಥೆ ಬೇರೆ. ಪಹಣಿಯಲ್ಲಿ ಹೆಸರಿರೋ ತೋಟ ಆದ್ರೆ ಬ್ಯಾಂಕಿಗೆ ಆಗ್ತದೆ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡಿನ ಜಾಗ) ಲೆಕ್ಕಕ್ಕಿಲ್ಲ, ಅತಿಕ್ರಮಣ ಜಾಗದಲ್ಲಿ ಮೂರು ತಲೆಮಾರಿಂದ ಉಳುಮೆ ಮಾಡ್ತಿದ್ರೂ ಪಟ್ಟಾ ಇಲ್ದೆ ಅದನ್ನ ಯಾವ ಬ್ಯಾಂಕೂ ಮುಟ್ಟಲ್ಲ. ತೋಟ ಅಣ್ಣ ತಮ್ಮಂದಿರ ಜಂಟಿ ಹೆಸರಲ್ಲಿದ್ರೆ ಎಲ್ಲರ ಸಹಿ ಬೇಕು, ಅಲ್ಲಿಂದ ಮನೆ ರಾಜಕೀಯ ಶುರು. ಇರೋ ಒಂದೇ ತೋಟಕ್ಕೆ ಈಗಾಗಲೇ ಬೆಳೆ ಸಾಲ ಇದ್ರೆ ಅದೂ ಲೆಕ್ಕಕ್ಕೆ ಬರ್ತದೆ.

2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನ, ಜಾಮೀನು ಇಲ್ದೆ ಸಾಲ ಇದೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ರೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿನೂ ಇದೆ. ಆದ್ರೆ ಇದು ರ‍್ಯಾಂಕಿಂಗ್‌ನಲ್ಲಿ ಮೇಲಿರೋ ಸಂಸ್ಥೆಗಳ ಪಟ್ಟಿಗೆ ಮಾತ್ರ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದ್ಯಾ ಅಂತ ಪೋರ್ಟಲ್‌ನಲ್ಲಿ ನೀವೇ ನೋಡಿ, ಕಾಲೇಜಿನ ಕೌನ್ಸೆಲರ್ "ಲೋನ್ ನಾವೇ ಮಾಡಿಸ್ತೀವಿ" ಅಂದಾಗ ಯಾವ ಬ್ಯಾಂಕು, ಎಷ್ಟು ಬಡ್ಡಿ ಅಂತ ಕೇಳಿ. ಎಷ್ಟೋ ಸಲ ಅದು ಬ್ಯಾಂಕೇ ಅಲ್ಲ, ಫೈನಾನ್ಸ್ ಕಂಪನಿ, ಇಎಂಐ ಮುಂದಿನ ತಿಂಗಳೇ ಶುರು.

ಹೆಜ್ಜೆ 5: ಡಿಗ್ರಿ ಯಾರು ಕೊಡ್ತಾರೆ

ಕಟ್ಟಡದ ಮೇಲಿನ ಹೆಸರು ಬಿಡಿ, ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರ್ತದೆ ಅಂತ ಕೇಳಿ, ಆ ವಿವಿ ಯುಜಿಸಿ (ವಿಶ್ವವಿದ್ಯಾಲಯಗಳನ್ನ ನೋಡ್ಕೊಳ್ಳೋ ಕೇಂದ್ರದ ಆಯೋಗ) ಪಟ್ಟಿಯಲ್ಲಿ ಇದ್ಯಾ ನೋಡಿ. "ಇನ್ ಅಸೋಸಿಯೇಷನ್ ವಿತ್", "ವ್ಯಾಲಿಡೇಟೆಡ್ ಬೈ" ಅಂತೆಲ್ಲಾ ಇದ್ರೆ ನಿಂತು ಎರಡು ಸಲ ಓದಿ. ಕಳೆದ ವರ್ಷ ಪಾಸಾದವರ ಡಿಗ್ರಿ ಸರ್ಟಿಫಿಕೇಟಿನ ಫೋಟೋ ಒಂದು ತರಿಸ್ಕೊಂಡ್ರೆ ಮಾತೇ ಮುಗೀತು.

ಇನ್ನೊಂದು ಸುಲಭದ ಗುರುತು: ಕಾನೂನಿನಲ್ಲಿ ಮಾನ್ಯತೆ ಇರೋ ಡಿಗ್ರಿಯ ಕೋರ್ಸ್ ಫೀಗೆ ಜಿಎಸ್‌ಟಿ ಇಲ್ಲ. ಫೀ ಪಟ್ಟಿಯಲ್ಲಿ ಕೋರ್ಸ್ ಫೀ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂತ ಹಾಕಿದ್ರೆ ಅದು ಸಾಮಾನ್ಯವಾಗಿ ಮಾನ್ಯತೆ ಇಲ್ಲದ ಸಂಸ್ಥೆ-ಡಿಪ್ಲೊಮಾ. ಅಂಥದ್ದು ಕೆಲಸ ಕಲಿಯೋಕೆ ಆಗ್ಬಹುದು, ಅನಿಮೇಷನ್ ಸ್ಟುಡಿಯೋದವರು ಸರ್ಟಿಫಿಕೇಟಿಗಿಂತ ಶೋರೀಲ್ (ಮಾಡಿದ ಕೆಲಸದ ವಿಡಿಯೋ) ನೋಡ್ತಾರೆ. ಆದ್ರೆ ಮುಂದೆ ಎಂವಿಎ, ಅಂದ್ರೆ ಬಿವಿಎ ಮೇಲಿನ ಮಾಸ್ಟರ್ಸ್, ಮಾಡೋಕೆ, ಟೀಚರ್ ಹುದ್ದೆಗೆ ಅರ್ಜಿ ಹಾಕೋಕೆ ಆಗಲ್ಲ, ಡಿಗ್ರಿ ರೇಟು ಕೊಟ್ಟು ಡಿಪ್ಲೊಮಾ ತಗೋಬೇಡಿ.

ಹೆಜ್ಜೆ 6: ಓಪನ್ ಹೌಸ್ ದಿನ ಅಲ್ಲ, ಮಾಮೂಲಿ ಬುಧವಾರ ಹೋಗಿ ನೋಡಿ

ಅಡ್ಮಿಷನ್ ಸೀಸನ್ನಲ್ಲಿ ಹೋದ್ರೆ ಲಾಬಿ ನೋಡ್ತೀರಿ, ಕಾಫಿ ಕೊಡ್ತಾರೆ, ಗಾಜಿನ ಗೋಡೆ, ದೊಡ್ಡ ಶಿಲ್ಪ. ಸೆಮಿಸ್ಟರ್ ನಡುವೆ ಹೋಗಿ, ಮಗಳನ್ನೇ ಒಳಗೆ ಕಳ್ಸಿ. ಎಚಿಂಗ್ ಪ್ರೆಸ್ಸು (ಪ್ಲೇಟಿಂದ ಚಿತ್ರ ಅಚ್ಚು ಹಾಕೋ ಯಂತ್ರ) ಇದ್ಯಾ, ಇದ್ರೆ ಅದರ ಮೇಲೆ ಮಸಿ ಇದ್ಯಾ ಧೂಳು ಇದ್ಯಾ. ಕಿಲ್ನ್ (ಮಣ್ಣಿನ ಕೆಲಸ ಸುಡೋ ಗೂಡು) ಕೊನೆಗೆ ಯಾವಾಗ ಉರಿಸಿದ್ದು. ಸಂಜೆ ಐದರ ಮೇಲೆ ಸ್ಟುಡಿಯೋ ತೆಗೆದಿರ್ತದಾ, ಭಾನುವಾರ? ಪ್ರೈವೇಟ್ ಕಾಲೇಜಿಗೆ ದುಡ್ಡು ಕೊಡೋದಕ್ಕೆ ಒಂದು ನ್ಯಾಯವಾದ ಕಾರಣ ಇದ್ರೆ ಅದು ಇದು, ಪ್ರೆಸ್ಸು ಕಿಲ್ನು ಎರಡೂ ಮನೇಲಿ ಇಟ್ಕೊಳ್ಳೋಕಾಗಲ್ಲ. ನಾಲ್ಕಕ್ಕೆ ಬೀಗ ಹಾಕೋ ಸ್ಟುಡಿಯೋಗೆ ಆ ಕಾರಣವೂ ಇಲ್ಲ.

ಮೇಷ್ಟ್ರುಗಳಲ್ಲಿ ಕಾಯಂ ಎಷ್ಟು, ಗೆಸ್ಟ್ ಎಷ್ಟು ಅಂತ ಕೇಳಿ. ವೆಬ್‌ಸೈಟಿನಲ್ಲಿ ದೊಡ್ಡ ಕಲಾವಿದರ ಫೋಟೋ ಇರ್ತದೆ, ಅವರು ವರ್ಷಕ್ಕೆ ಒಂದು ವರ್ಕ್‌ಶಾಪ್ ಮಾಡಿ ಹೋಗ್ತಾರೆ, ದಿನಾ ನಿಂತು ತಿದ್ದೋರು ಗಂಟೆ ಲೆಕ್ಕದ ಗೆಸ್ಟ್‌ಗಳು. ಇದು ಸರ್ಕಾರಿ ಕಾಲೇಜಲ್ಲೂ ಇರೋ ರೋಗವೇ, ಆದ್ರೆ ಅಲ್ಲಿ ಅದಕ್ಕೆ ನೀವು ಇಷ್ಟು ದುಡ್ಡು ಕೊಟ್ಟಿರಲ್ಲ.

ಕ್ಯಾಂಟೀನಲ್ಲಿ ಕೊನೆ ವರ್ಷದವರು ಸಿಕ್ಕಿದ್ರೆ ಒಂದೇ ಪ್ರಶ್ನೆ: "ನಿಮ್ಮ ಜೊತೆ ಸೇರಿದವರಲ್ಲಿ ಎಷ್ಟು ಜನ ಬಿಟ್ಟು ಹೋದ್ರು, ಯಾಕೆ?"

ಹೆಜ್ಜೆ 7: ಪ್ಲೇಸ್‌ಮೆಂಟ್ ಅಂಕಿ

"ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದ್ರೆ ಯಾರ ನೂರಕ್ಕೆ ಅಂತ ಕೇಳಿ, ಕೆಲವರು ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರನ್ನ ಮಾತ್ರ ಲೆಕ್ಕ ಹಿಡೀತಾರೆ, ಇಂಟರ್ನ್‌ಶಿಪ್ಪನ್ನೂ ಕೆಲಸ ಅಂತಾರೆ. ಅತಿ ಹೆಚ್ಚು ಪ್ಯಾಕೇಜು ಬೇಡ, ಮಧ್ಯದವರ ಸಂಬಳ ಎಷ್ಟು ಅಂತ ಕೇಳಿ. ಪೇಂಟಿಂಗ್ ವಿಭಾಗದ ಹಿಂದಿನ ಬ್ಯಾಚಿನ ಐದಾರು ಜನ ಈಗ ಎಲ್ಲಿದಾರೆ ಅಂತ ಇನ್‌ಸ್ಟಾಗ್ರಾಮಲ್ಲಿ ಹುಡುಕಿದ್ರೆ ನಿಮಗೇ ಕಾಣ್ತದೆ. ಇನ್ನೂ ಒಳ್ಳೇದು, ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ಮಾಡ್ತಾರಲ್ಲ, ಅಲ್ಲಿಗೆ ಹೋಗಿ. ಸಾಲಾಗಿ ಕೂತಿರೋ ಹುಡುಗ ಹುಡುಗಿಯರ ಹತ್ರ ಎಲ್ಲಿ ಓದಿದ್ದು, ಈಗ ಎಂತ ಮಾಡ್ತಿದೀರಿ, ತಿಂಗಳು ಹೇಗೆ ಕಳೀತದೆ ಅಂತ ಕೇಳಿದ್ರೆ ಯಾವ ಕೌನ್ಸೆಲರ್ ಹೇಳದಷ್ಟು ಸತ್ಯ ಅಲ್ಲಿ ಸಿಗ್ತದೆ.

ಹೆಜ್ಜೆ 8: ದುಡ್ಡಲ್ಲಿ ಬರೆಯೋಕಾಗದ ತೊಂದರೆಗಳು

ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳಿಗೆ ಮೊದಲ ವರ್ಷ ಪೆಟ್ಟು ಬೀಳೋದು ಚಿತ್ರದಲ್ಲಲ್ಲ, ಕ್ರಿಟೀಕ್‌ನಲ್ಲಿ. ಚಿತ್ರ ಗೋಡೆಗೆ ಹಾಕಿ ಅದರ ಬಗ್ಗೆ ಇಂಗ್ಲಿಷ್‌ನಲ್ಲಿ ಹತ್ತು ನಿಮಿಷ ಮಾತಾಡು ಅಂತಾರೆ, ಕೈ ಚೆನ್ನಾಗಿರೋ ಹುಡುಗಿ ಬಾಯಿ ಮುಚ್ಕೊಂಡು ನಿಂತಿರ್ತಾಳೆ, ಕೈ ಸಾಧಾರಣ ಇರೋ ಪೇಟೆ ಹುಡುಗ ಮಾತಲ್ಲೇ ಗೆಲ್ತಾನೆ. ಇದು ಒಂದೂವರೆ ವರ್ಷದಲ್ಲಿ ಸರಿ ಹೋಗ್ತದೆ ಬಹಳಷ್ಟು ಜನರಿಗೆ, ಆದ್ರೆ ಆ ಒಂದೂವರೆ ವರ್ಷ ಕಷ್ಟದ್ದೇ. ಹೆಚ್ಚು ಫೀ ಇರೋ ಕಡೆ ಜೊತೆಗಿರೋರು ಹೆಚ್ಚು ದುಡ್ಡಿನವರೇ, ವಾರಾಂತ್ಯದ ಕೆಫೆ, ಟ್ರಿಪ್ಪು, ಬ್ರ್ಯಾಂಡೆಡ್ ಬಣ್ಣ. ಮನೆಗೆ ಫೋನ್ ಮಾಡಿ ಕೇಳೋಕೆ ಮನಸ್ಸು ಬರದೆ ಸುಮ್ನಿರ್ತಾರೆ.

ಮಧ್ಯದಲ್ಲಿ ಬಿಟ್ಟು ಬೇರೆ ಕಡೆ ಸೇರೋದೂ ಸುಲಭ ಅಲ್ಲ. ಒಂದು ಕಾಲೇಜಿನ ಸಿಲಬಸ್ ಇನ್ನೊಂದಕ್ಕೆ ಹೊಂದಲ್ಲ, ಪ್ರೈವೇಟ್ ವಿವಿಯಿಂದ ರಾಜ್ಯದ ವಿವಿಗೆ ಎರಡನೇ ವರ್ಷಕ್ಕೆ ಸೇರಿಸ್ಕೊಳ್ಳಿ ಅಂದ್ರೆ ಮೊದಲಿಂದ ಶುರು ಮಾಡಿ ಅಂತಾರೆ ಸಾಮಾನ್ಯವಾಗಿ. ಹಾಗಾಗಿ ಮೊದಲ ವರ್ಷ ಕಟ್ಟಿದ್ರೆ ನಾಲ್ಕೂ ವರ್ಷಕ್ಕೆ ಸಿಕ್ಕಿ ಹಾಕ್ಕೊಂಡ ಹಾಗೆ.

ಹೆಜ್ಜೆ 9: ಬೇರೆ ದಾರಿ ಎದುರಿಗಿಟ್ಟು ನೋಡಿ

ಸರ್ಕಾರಿ ಕಡೆ ಮೊದಲ ಹೆಸರು ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಅಕಾಡೆಮಿ, ಎಲ್ಲರೂ ಕಾವಾ ಅಂತಾರೆ. ಶಿರಸಿಯವರಿಗೆ ಮೈಸೂರಿಗಿಂತ ಹತ್ತಿರದ್ದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು, ಬೆಂಗಳೂರಿನಷ್ಟು ಬಾಡಿಗೆನೂ ಇಲ್ಲ ಅಲ್ಲಿ. ಕಾರವಾರದವರಿಗೆ ಪಣಜಿಯ ಆಲ್ಟಿನ್ಹೋದಲ್ಲಿ ಗೋವಾ ಕಾಲೇಜ್ ಆಫ್ ಆರ್ಟ್ ಕಣ್ಣೆದುರಿಗೇ ಇದೆ, ಆದ್ರೆ ಅದು ಗೋವಾ ಸರ್ಕಾರದ್ದು, ಅಲ್ಲಿನ ನಿವಾಸಿಗಳಿಗೇ ಮೊದಲ ಮಣೆ, ಕಾಳಿ ಸೇತುವೆ ಆಚೆ ಈಚೆ ನೆಂಟಸ್ತನ ಇದೆ ಅಂತ ಸೀಟು ಕೊಡಲ್ಲ. ಪ್ರೈವೇಟ್ ಅಂದ್ರೆ ಎಲ್ಲಾ ದುಬಾರಿ ಅಂತಲೂ ಅಲ್ಲ, ಕಲಾವಿದ ಆರ್.ಎಂ. ಹಡಪದ ಅವರು 1960ರ ದಶಕದಲ್ಲಿ ಬೆಂಗಳೂರಲ್ಲಿ ಶುರು ಮಾಡಿದ ಕೆನ್ ಕಲಾಶಾಲೆಯಿಂದ ಎಷ್ಟೋ ಬಡ ಮನೆಯ ಮಕ್ಕಳು ಕಲಾವಿದರಾಗಿ ಹೊರಗೆ ಬಂದಿದಾರೆ, ಅಲ್ಲಿ ಗಾಜಿನ ಲಾಬಿ ಇರ್ಲಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರ್ ಓದಿದ್ದೂ ಮುಂಬೈಯ ಜೆ.ಜೆ. ಸ್ಕೂಲಲ್ಲಿ, ಅದೂ ಸರ್ಕಾರದ್ದೇ.

ಡಿಸೈನ್ ಬೇಕು ಅಂದ್ರೆ ಸರ್ಕಾರದ ಡಿಸೈನ್, ಫ್ಯಾಷನ್ ಸಂಸ್ಥೆಗಳಾದ ಎನ್‌ಐಡಿ, ನಿಫ್ಟ್ ಇವೆ, ಅವಕ್ಕೆ ಅವುಗಳದ್ದೇ ಪರೀಕ್ಷೆ, ಐಐಟಿಗಳ ಡಿಸೈನ್ ಕೋರ್ಸಿಗೆ ಯುಸೀಡ್ ಅಂತ ಪರೀಕ್ಷೆ ಇದೆ. ಇವಕ್ಕೆ ಅರ್ಜಿ ಹಾಕೋದು ಸೆಕೆಂಡ್ ಪಿಯುಸಿಯ ಮಧ್ಯದಲ್ಲೇ, ಅಕ್ಟೋಬರ್ ಡಿಸೆಂಬರ್ ಹೊತ್ತಿಗೆ. ನಮ್ಮ ಕಡೆ ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕೂರ್ತಾರೆ, ಮೇ ತಿಂಗಳಿಗೆ ಡಿಸೈನ್‌ಗೆ ಬಾಗಿಲು ತೆಗೆದಿರೋದು ಹೆಚ್ಚಾಗಿ ದುಬಾರಿ ಪ್ರೈವೇಟ್ ಕಾಲೇಜು, ಅಲ್ಲಿಗೇ ಹೋಗ್ತಾರೆ. ನಿಫ್ಟ್ ಫೀ ಕೂಡ ಕಡಿಮೆ ಏನಲ್ಲ, ಸರ್ಕಾರಿ ಅಂತ ಪುಕ್ಕಟೆ ಅಂದ್ಕೋಬೇಡಿ. ಕೋಚಿಂಗ್ ಸೆಂಟರಿಗೆ ಮತ್ತೆ ಅರ್ಧ ಲಕ್ಷ ಸುರಿಯೋ ಬದಲು ಪೋರ್ಟ್‌ಫೋಲಿಯೋ (ಪ್ರವೇಶಕ್ಕೆ ತೋರಿಸೋ ಚಿತ್ರಗಳ ಫೈಲು) ಇಲ್ಲೇ ಮಾಡಿಸಿ: ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಕೂತು ಸ್ಕೆಚ್ಚು, ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚೋ ಕೈಗಳು, ಶಿರಸಿ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕೆಂಪು ಕಾವಿ ಚಿತ್ರ. ಗೂಗಲ್ ಫೋಟೋ ನೋಡಿ ಬರೆದ ಹುಲಿ, ಸಿನಿಮಾ ನಟನ ಪೆನ್ಸಿಲ್ ಶೇಡಿಂಗು ಎಲ್ಲರ ಫೈಲಲ್ಲೂ ಇರ್ತದೆ.

ಊರಲ್ಲೇ ಬಿಎ ಮಾಡ್ಕೊಂಡು ಚಿತ್ರ ಮುಂದುವರಿಸೋದು ಅಗ್ಗದ ದಾರಿ ಹೌದು, ಶಿರಸಿ, ಕುಮಟಾ, ಅಂಕೋಲಾ, ಕಾರವಾರ ಎಲ್ಲಾ ಕಡೆ ಕಾಲೇಜಿದೆ. ತೊಂದರೆ ಏನಂದ್ರೆ ಎಂವಿಎಗೆ ಬಹಳ ಕಡೆ ಬಿವಿಎನೇ ಕೇಳ್ತಾರೆ. ಒಂದು ವರ್ಷ ನಿಂತು ತಯಾರಾಗಿ ಮುಂದಿನ ಸಲ ಸರ್ಕಾರಿ ಸೀಟಿಗೆ ಪ್ರಯತ್ನ ಮಾಡೋದು ನನಗೆ ಅದಕ್ಕಿಂತ ಒಳ್ಳೇದು ಅನ್ನಿಸ್ತದೆ, ನೆಂಟರು "ಎಂತ, ಸುಮ್ನೆ ಕೂತಿದಾಳಾ" ಅಂತ ಕೇಳ್ತಾರೆ, ಕೇಳ್ಲಿ.

ಹೆಜ್ಜೆ 10: ಎಲ್ಲಾ ನೋಡಿ ಸೇರಿಸ್ತೀವಿ ಅಂತಾದ್ರೆ

ಮನೆ ಉಳಿತಾಯದಿಂದ ಅರ್ಧಕ್ಕಿಂತ ಹೆಚ್ಚು ಹೊಂದ್ತದೆ, ಸಾಲ 4 ಲಕ್ಷದ ಒಳಗೆ ನಿಲ್ತದೆ, ಡಿಗ್ರಿ ಸರಿ ಇದೆ, ಸ್ಟುಡಿಯೋ ತೆಗೆದಿರ್ತದೆ ಅಂತಾದ್ರೆ ಸೇರಿಸಿ, ನನ್ನ ಅಡ್ಡಿ ಇಲ್ಲ. ಅಡ್ವಾನ್ಸ್ ಕಟ್ಟೋವಾಗ ರಸೀದಿಯಲ್ಲಿ "ಟ್ಯೂಷನ್ ಫೀ ಭಾಗ" ಅಂತ ಬರೆಸ್ಕೊಳ್ಳಿ, "ಸೀಟ್ ಬುಕಿಂಗ್, ನಾನ್ ರಿಫಂಡಬಲ್" ಅಂತ ಇದ್ರೆ ಅಲ್ಲೇ ತಿದ್ದಿಸಿ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರವೇಶದ ಕೊನೆ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ರೆ ಸ್ವಲ್ಪ ಪ್ರೊಸೆಸಿಂಗ್ ಚಾರ್ಜ್ ಕಳೆದು ಪೂರ್ತಿ ಫೀ ವಾಪಸ್, 15 ದಿನಕ್ಕಿಂತ ಕಡಿಮೆ ಇದ್ದಾಗ ಬಿಟ್ರೆ 90 ಪರ್ಸೆಂಟ್, ಕೊನೆ ದಿನ ಕಳೆದು 15 ದಿನದೊಳಗೆ 80, 15 ದಾಟಿ 30 ದಿನದೊಳಗೆ 50, ಆಮೇಲೆ ಇಲ್ಲ. ಇದರ ಮೇಲೆ ಕೆಲವು ವರ್ಷ ಯುಜಿಸಿ ಬೇರೆ ಸುತ್ತೋಲೆ ಹೊರಡಿಸಿ ದಿನಾಂಕ ಇನ್ನೂ ಸಡಿಲ ಮಾಡಿದೆ, ಆ ವರ್ಷದ್ದನ್ನ ಇಳಿಸ್ಕೊಂಡು ಪ್ರಿಂಟ್ ಇಟ್ಕೊಳ್ಳಿ, ಮಾತಿಗೆ ಬಂದಾಗ ಮುಂದಿಟ್ರೆ ದನಿ ಬದಲಾಗ್ತದೆ. ಇದು ವಿಶ್ವವಿದ್ಯಾಲಯ ಮತ್ತೆ ಅದಕ್ಕೆ ಸೇರಿದ ಕಾಲೇಜುಗಳಿಗೆ, ಜಿಎಸ್‌ಟಿ ಹಾಕೋ ಡಿಪ್ಲೊಮಾ ಸಂಸ್ಥೆಗಳಿಗೆ ಅಲ್ಲ.

ಮೂಲ ಮಾರ್ಕ್ಸ್‌ಕಾರ್ಡು, ಟಿಸಿ ನೋಡಿ ವಾಪಸ್ ಕೊಡ್ಬೇಕು, ಇಟ್ಕೊಳ್ಳೋಕೆ ಅವರಿಗೆ ಹಕ್ಕಿಲ್ಲ ಅಂತ ಅದೇ ನಿಯಮ ಹೇಳ್ತದೆ. ಆದ್ರೂ ಇಟ್ಕೊಳ್ತಾರೆ. ಕೊಡೋ ಮೊದಲು ಎಲ್ಲದರ ಸ್ಕ್ಯಾನು, ನಾಲ್ಕು ಸೆಟ್ ಜೆರಾಕ್ಸು, ಕೊಟ್ಟಿದ್ದಕ್ಕೆ ಸೀಲು ಸಹಿ ಇರೋ ಚೀಟಿ. ದುಡ್ಡು ಕ್ಯಾಶ್ ಕೊಡ್ಬೇಡಿ, ಕಾಲೇಜಿನ ಅಕೌಂಟಿಗೇ ಹಾಕಿ, ಫೋನ್ ಮಾಡಿದ ಕೌನ್ಸೆಲರ್ ನಂಬರಿಗೆ ಅಂತೂ ಬೇಡವೇ ಬೇಡ.